ಸಾಲು ಕೊಡುವವಳು

ಇರುವೆ, ಟೀಚರ್ ಇಸಿಲ್ಮಾ ಅವರ ಟೋಪಿಯ ಮೇಲೆ ಒಂದು ಕೆಂಪಿರುವೆ, ಪ್ಲಾಸ್ಟಿಕ್ಕಿನ ದ್ರಾಕ್ಷಿಗೊಂಚಲನ್ನು ನಿಜದ್ದೆಂದೇ ನಂಬಿಕೊಂಡು ಒಂದೊಂದು ಹಣ್ಣಿಗೂ ಸುತ್ತು ಹಾಕುತ್ತಿದೆ, ಪಾಪ, ಎರಡು ಮಾರು ಆಚೆ ವೇದಿಕೆಯ ಮುಂದೆ ನಿಜವಾದ ಬಾಳೆಗೊನೆಗಳಿವೆ, ದೀವಿಹಲಸು, ಕಬ್ಬಿನ ಜಲ್ಲೆ, ನಾನೂ ಅಜ್ಜಿಯೂ ಅಗೆದು ತಂದ ಕೂವೆಗೆಡ್ಡೆ, ಯಾರೋ ಕಾಲು ಕಟ್ಟಿ ತಂದಿಟ್ಟ ಕೋಳಿಯೂ ಇದೆ, ಅದು ಪ್ರಾರ್ಥನೆ ಮುಗಿದಾಗಲೆಲ್ಲ ಎಲ್ಲರ ಆಮೆನ್ನಿಗಿಂತ ಮೊದಲು ಕೊಕ್ ಅನ್ನುತ್ತದೆ, ಸುಗ್ಗಿಯ ಭಾನುವಾರ ದೇವರ ಮುಂದೆ ಇಷ್ಟೆಲ್ಲ ಹರಡಿರುವಾಗ ಇದು ಹೋಗಿ ಟೋಪಿ ಹತ್ತಿದೆ — ನಾನು ಬೇರೆ ಕಡೆ ನೋಡುವುದಿಲ್ಲ, ಇರುವೆಯಿಂದ ಕಣ್ಣು ತೆಗೆದರೆ ಪಾಸ್ಟರ್ ಲೆನಾಕ್ಸ್ ಕಾಣುತ್ತಾರೆ, ಅವರ ಕೈಯ ಕಾಗದ ಕಾಣುತ್ತದೆ, ಅದರಲ್ಲಿ ಐದನೆಯ ಸಾಲಿನಲ್ಲಿ ನನ್ನ ಹೆಸರಿದೆ, ಹಾಡಿನ ಸಾಲು ಕೊಡುವವರು ಕೆಜಾಯ. ಯಾರು ಬರೆಸಿದ್ದು, ಅಜ್ಜಿ. ನನ್ನ ಕೈಲಾಗಲ್ಲ ಅಜ್ಜಿ ಅಂದರೆ, ಆಗಲ್ಲ ಅಂದ್ರೆ ಹೆಂಗೆ, ಆಗ್ಲೇ ಪಾಸ್ಟ್ರಿಗೆ ಹೇಳಾಯ್ತು. ಹೇಳೋಕೆ ಮುಂಚೆ ನನ್ನ ಕೇಳ್ಬಾರ್ದಿತ್ತಾ. ಕೇಳಿದ್ರೆ ಬೇಡ ಅಂತಿದ್ದೆ, ಅದಕ್ಕೇ ಕೇಳಲಿಲ್ಲ. ಪಿಸುಮಾತಿನಲ್ಲೇ ಇಷ್ಟು ಜಗಳ ಆಡುತ್ತಾಳೆ, ಈಸ್ಟರ್ ಆದಮೇಲೆ ಗಂಟಲಿನ ಗಂಟು ತೆಗೆಸಿಕೊಂಡಾಗಿನಿಂದ ಅವಳಿಗೆ ದನಿ ಇಲ್ಲ, ಬರೀ ಗಾಳಿ, ಊದಿನಕಡ್ಡಿ ಆರಿಸಿದ ಹಾಗೆ ಮಾತಾಡುತ್ತಾಳೆ, ನಲವತ್ತೊಂದು ವರ್ಷ ಈ ಊರಿಗೆ ಸಾಲು ಕೊಟ್ಟ ಮದರ್ ಇಥಲಿನ್, ಅವಳು ಇಲ್ಲಿ ಹಾಡು ಎತ್ತಿದರೆ ಕೊಲ್ಲಿಯಲ್ಲಿ ಬಲೆ ಎಳೆಯುವವರು ಅಲ್ಲಿಂದಲೇ ಎರಡನೆಯ ಸಾಲಿಗೆ ಸೇರಿಕೊಳ್ಳುತ್ತಿದ್ದರಂತೆ, ಈಗ ನನ್ನ ಪಕ್ಕ ಬಿಳಿ ತಲೆವಸ್ತ್ರ ಬಿಗಿದು ಕೂತು ಮೊಣಕೈಯಿಂದ ತಿವಿಯುತ್ತಾಳೆ, ಯಾಕೇ ನಡುಗ್ತಿದೀಯ ಮಗಾ, ಚಳಿನಾ? ಹೊರಗೆ ತಗಡು ಕಾಯ್ದು ಚಟಚಟ ಅನ್ನುತ್ತಿದೆ.

ಎಲ್ಲಾ ಆ ಪರದೆಯಿಂದ. ಬೆಟ್ಟ ಬೂದಿ ಉಗುಳಿದ ವರ್ಷ ಮೆಥಡಿಸ್ಟರ ಚರ್ಚಿನ ಮಾಡು ಭಾರಕ್ಕೆ ಕುಸಿಯಿತು, ಹೊಸ ಸುವಾರ್ತೆಯವರ ಡೇರೆ ಗಾಳಿಗೆ ಹರಿಯಿತು, ನಿಂತದ್ದು ಆವೇಶ ಬಂದಾಗ ಮೈ ಅಲುಗಿಸಿ ಹಾಡುವ ನಮ್ಮ ಶೇಕರರ ಪ್ರಾರ್ಥನಾಮನೆ ಒಂದೇ, ಯಾರೂ ಯಾವತ್ತೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ಈ ತಗಡಿನ ಮನೆ, ಆಮೇಲೆ ಮೂರು ಸಭೆಯವರೂ ಇಲ್ಲಿಗೇ ಬಂದರು, ಬಲಕ್ಕೆ ಕೈಗವಸು ಹಾಕಿದ ಮೆಥಡಿಸ್ಟರು, ಎಡಕ್ಕೆ ತಲೆವಸ್ತ್ರದ ನಾವು, ಮುಂದೆ ಡ್ರಮ್ಮು ಸ್ಪೀಕರು ಇಟ್ಟುಕೊಂಡ ಪಾಸ್ಟರ್ ಲೆನಾಕ್ಸ್ ಕಡೆಯವರು, ಮೊದಲ ತಿಂಗಳು ಫ್ಯಾನು ಯಾರ ಕಡೆ ತಿರುಗಬೇಕು ಅಂತ ಜಗಳ, ಎರಡನೆಯ ತಿಂಗಳು ಗಂಟೆ ಬಾರಿಸಬೇಕೋ ಬೇಡವೋ ಅಂತ, ಮೂರನೆಯ ತಿಂಗಳಿಗೆ ಒಬ್ಬರ ಬುತ್ತಿಯಲ್ಲಿ ಒಬ್ಬರು ಕೈ ಹಾಕಿ ಸುಟ್ಟ ದೀವಿಹಲಸು ತಿನ್ನುತ್ತಿದ್ದರು. ಹಾಡಿನ ಮಾತನ್ನು ಬೆಳಕಿನಲ್ಲಿ ತೋರಿಸುವ ಆ ಪರದೆ ತಂದದ್ದು ಪಾಸ್ಟರ್. ಒಳ್ಳೆಯವರೇ, ಅಜ್ಜಿಗೆ ಹೇಳಿದರು, ಮದರ್, ಅಕ್ಷರ ದಪ್ಪಗೆ ಬರುತ್ತೆ, ಕನ್ನಡಕ ಇಲ್ಲದೋರಿಗೂ ಕಾಣುತ್ತೆ, ಇನ್ನು ಒಬ್ಬರು ಸಾಲು ಹೇಳೋದು, ಮಿಕ್ಕೋರು ಹಾಡೋದು, ಮತ್ತೆ ಕಾಯೋದು, ಅದ್ಯಾಕೆ ಬೇಕು ಹೇಳಿ. ಅದಕ್ಕೆ ಅಜ್ಜಿ, ಹಾಡೋದು ಕಣ್ಣು ಅಲ್ಲ ಪಾಸ್ಟ್ರೇ. ತೋಟದ ದೊರೆಗಳು ಗುಲಾಮರಾಗಿದ್ದ ನಮ್ಮವರಿಗೆ ದೇವರನ್ನು ಕೊಟ್ಟರು, ಓದು ಮಾತ್ರ ಕೊಡಲಿಲ್ಲ, ಆಗ ಯಾರೋ ಒಬ್ಬ ಅದು ಹೇಗೋ ಸಾಲು ಕಲಿತು ಬಂದು ಕಬ್ಬಿನ ಗದ್ದೆಯಲ್ಲಿ ಹೇಳುವುದು, ಉಳಿದವರು ಅದನ್ನೇ ಹಿಡಿದು ಹಾಡುವುದು, ಇದನ್ನು ಅಜ್ಜಿ ನಿನ್ನೆ ಸಂತೆಗೆ ಹೋಗಿ ಬಂದ ಹಾಗೆ ಹೇಳುತ್ತಾಳೆ, ಅವಳಿಗೂ ಓದು ಬರುವುದಿಲ್ಲ, ಎದೆಯಲ್ಲಿ ಮುನ್ನೂರು ಹಾಡಿವೆ. ಕೊನೆಗೆ ಪಾಸ್ಟರ್ ಒಪ್ಪಿದ್ದು ಇಷ್ಟು, ಸುಗ್ಗಿಯ ದಿನ ಚಿಕ್ಕವರಲ್ಲಿ ಯಾರಾದರೂ ಒಬ್ಬರು ಒಂದು ಹಾಡಿಗೆ ಸಾಲು ಕೊಡಲಿ, ಕೊಟ್ಟರೆ ಮುಂದುವರಿಸೋಣ, ಇಲ್ಲದಿದ್ದರೆ ಕ್ರಿಸ್ಮಸ್ಸಿಗೆ ಮುಂಚಿನ ಅಡ್ವೆಂಟಿನಿಂದ ಪರದೆ ಒಂದೇ. ಚಿಕ್ಕವರಲ್ಲಿ ಮುನ್ನೂರು ಹಾಡು ಯಾರಿಗೆ ಬರುತ್ತದೆ, ನನಗೆ, ಊರಿಗೆ ಅದು ಗೊತ್ತಾ, ಗೊತ್ತಿಲ್ಲ, ನನ್ನ ದನಿ ಹೇಗಿದೆ ಅಂತಲೇ ಊರಿಗೆ ಗೊತ್ತಿಲ್ಲ.

ನಾಲ್ಕನೆಯ ಬಾರಿ ಕೋಳಿ ಕೊಕ್ ಅಂದಿತು, ಅಂದರೆ ನನ್ನ ಸರದಿಗೆ ಮೊದಲು ಇನ್ನು ಪ್ರಕಟಣೆ ಒಂದೇ ಬಾಕಿ, ಮೇರಿಯಮ್ಮನವರ ಕಳೆದುಹೋದ ಛತ್ರಿ, ಗುರುವಾರದ ಉಪವಾಸ — ಹದಿನಾಲ್ಕು ವರ್ಷದವಳಾಗಿದ್ದಾಗಲೂ ಹೀಗೇ ಸರದಿ ಕಾದಿದ್ದೆ, ಇದೇ ಟೀಚರ್ ಇಸಿಲ್ಮಾ, ಟೋಪಿ ಇರಲಿಲ್ಲ ಅಷ್ಟೇ, ಎದ್ದು ನಿಂತು ಓದು ಕೆಜಾಯ ಅಂದರು, ಅಕ್ಷರ ಎಲ್ಲಾ ಗೊತ್ತು, ದನಿ ಬರಲಿಲ್ಲ, ನಿಂತೇ ಇದ್ದೆ, ನಿಮ್ಮಜ್ಜಿ ದನಿ ಊರಾಚೆ ಕೇಳುತ್ತೆ, ನಿನ್ನದು ನಿನಗೇ ಕೇಳಲ್ವಲ್ಲೇ ಅಂದರು, ಇಡೀ ತರಗತಿಯ ಬಾಯಿ ತೆರೆದುಕೊಂಡಿತು, ನಗು, ಮೂವತ್ತು ಬಾಯಿ, ಒಳಗಿನ ಹಲ್ಲು ನಾಲಗೆ ಎಲ್ಲಾ ಕಂಡವು, ಮಾರನೆಯ ದಿನ ಪುಸ್ತಕದ ಬದಲು ಗುದ್ದಲಿ ಹಿಡಿದು ಅಜ್ಜಿಯ ಹಿಂದೆ ಹೊಲಕ್ಕೆ ಹೋದೆ. ಅಲ್ಲಿ ಮಾತ್ರ ನನಗೆ ದನಿ ಇದೆ. ದನಿ ಹೋಗುವ ಮುಂಚೆ, ಕೂವೆ ಅಗೆಯುವಾಗ ಅಜ್ಜಿ ಮೇಲಿನ ಸಾಲಿನಿಂದ ಹಾಡು ಕೊಡುತ್ತಿದ್ದಳು, ನಾನು ಕೆಳಗಿನ ಸಾಲಿನಿಂದ ಹಿಂದಿರುಗಿಸುತ್ತಿದ್ದೆ, ಎದುರಿನ ಗುಡ್ಡ ಮತ್ತೆ ನನಗೇ ಕೊಡುತ್ತಿತ್ತು, ಗುಡ್ಡಕ್ಕೆ ಬಾಯಿ ಇಲ್ಲವಲ್ಲ, ಭಯ ಆಗುತ್ತಿರಲಿಲ್ಲ. ಅಳತೆ ನೋಡ್ಕೋ ಮಗಾ, ಹಾಡಿನಲ್ಲಿ ಗಿಡ್ಡ ಅಳತೆ ಇದೆ, ಸಾಮಾನ್ಯ ಅಳತೆ ಇದೆ, ಉದ್ದ ಅಳತೆ ಇದೆ, ಮಾತಿನ ಮೈಗೆ ಸರಿಹೋಗೋ ರಾಗಾನೇ ಎತ್ತಬೇಕು, ಒಮ್ಮೆ ಎತ್ತಿದ ಮೇಲೆ ಹಾಡು ಮುಗಿಯೋ ತನಕ ರಾಗ ಬದಲಾಯಿಸೋ ಹಾಗಿಲ್ಲ, ಅದು ಮರ್ಯಾದೆ ಅಲ್ಲ. ಆಮೇಲೆ ಅವಳ ಸೋದರಮಾವ ಜೊಸಾಯನ ಕಥೆ ಹೇಳುತ್ತಾಳೆ, ಐವತ್ತು ವರ್ಷಕ್ಕೂ ಮೇಲೆ ಶೇಕರರು ಸೇರಿ ಹಾಡಬಾರದು ಅಂತ ಕಾನೂನಿತ್ತಲ್ಲ, ಆಗಿನದು, ಪೋಲೀಸು ಬಂದರೆ ತಕ್ಷಣ ಸಾವಿನ ಮನೆಯ ಹಾಗೆ ನಟಿಸುವುದು, ಹೆಣದ ಮುಂದೆ ಹಾಡಿದರೆ ತಪ್ಪಿರಲಿಲ್ಲ, ಜೊಸಾಯ ಮೇಜಿನ ಮೇಲೆ ಹೆಣವಾಗಿ ಮಲಗುವುದು, ಒಂದು ದಿನ ಬಂದ ಪೋಲೀಸಿನವನು ಟೋಪಿ ತೆಗೆದು, ಪಾಪ ಒಳ್ಳೆಯ ಮುದುಕ, ನಾನೇ ಒಂದು ಹಾಡಿಗೆ ಸಾಲು ಕೊಡ್ತೀನಿ ಅಂತ ತಪ್ಪು ಅಳತೆಯಲ್ಲಿ ಎತ್ತಿದನಂತೆ, ಹೆಣಕ್ಕೆ ತಡೆಯಲಾಗಲಿಲ್ಲ, ಎದ್ದು ಕೂತು, ಅಯ್ಯಾ ಅದು ಗಿಡ್ಡ ಅಳತೆ ಅಂದಿತು. ಇಳಿಜಾರಿನಲ್ಲಿ ಪೋಲೀಸಿನವನ ಬೂಟೊಂದು ಸಿಕ್ಕಿತಂತೆ. ಅದೇ ಜೊಸಾಯ ಆಮೇಲೆ ಸಿಕ್ಕಿಬಿದ್ದು ಮೂರು ತಿಂಗಳು ಜೈಲಿನಲ್ಲಿದ್ದ, ಅದನ್ನೂ ಅಜ್ಜಿ ಹೇಳುತ್ತಾಳೆ, ಆದರೆ ಸಣ್ಣಗೆ, ಗೆಡ್ಡೆಯ ಮಣ್ಣು ಒರೆಸುತ್ತ.

ಕೆಜಾಯ, ಅಂದರು ಪಾಸ್ಟರ್. ಇರುವೆ ಎಲ್ಲಿ ಹೋಯಿತು, ಟೋಪಿಯಲ್ಲಿ ಇಲ್ಲ, ನನ್ನ ಕಾಲು ಎದ್ದಿವೆ, ನಾನಿನ್ನೂ ಬೆಂಚಿನಲ್ಲೇ ಇದ್ದ ಹಾಗಿದೆ, ಅಜ್ಜಿ ಹಿಂದಿನಿಂದ ಒಂದು ಗುದ್ದು ಕೊಟ್ಟಳು, ಹೋಗೇ, ಗುಡ್ಡ ಅನ್ಕೋ, ವೇದಿಕೆ ಹತ್ತಿ ಎಲ್ಲರ ಕಡೆ ತಿರುಗಿದೆ, ಹೇಗೆ ಅಂದುಕೊಳ್ಳಲಿ, ಗುಡ್ಡ ಹೀಗೆ ಬೀಸಣಿಗೆ ಬೀಸಿಕೊಳ್ಳುತ್ತದಾ, ಗುಡ್ಡ ಕೈಗವಸು ಹಾಕಿಕೊಳ್ಳುತ್ತದಾ, ಪಾಸ್ಟರ್ ಕೈಯಲ್ಲಿ ಪರದೆಯ ರಿಮೋಟು ಇದೆ, ಪರದೆಯಲ್ಲಿ ಆಗಲೇ ನೀಲಿ ಬೆಳಕು ಬಂದು ಕೂತಿದೆ, ನನಗಾಗದಿದ್ದರೆ ಒತ್ತುತ್ತಾರೆ, ಕರುಣೆಯಿಂದಲೇ ಒತ್ತುತ್ತಾರೆ, ಅಜ್ಜಿಯ ನಲವತ್ತೊಂದು ವರ್ಷ ಒಂದು ಬಟನ್ನಿಗೆ — ಬಾಯಿ ತೆರೆದೆ. ಕಲ್ಲಿನ ಸಂದಿಗೂ ಬೇರು ಕಳಿಸಿದವನೇ. ನನ್ನದೇ ದನಿ, ತಗಡಿಗೆ ತಾಗಿ ಬಂತು, ರಾಗ ಎತ್ತಿದೆ, ಅವರು ಹಿಡಿದರು, ಬಲದವರು ಎಡದವರು ಮುಂದಿನವರು ಎಲ್ಲರೂ ಒಟ್ಟಿಗೆ, ಅಲೆ ಬಂದು ಮೊಣಕಾಲಿಗೆ ಬಡಿದ ಹಾಗೆ, ಆಹಾ, ಎಷ್ಟು ಸುಲಭ, ಹಾಡುತ್ತಿದ್ದಾರೆ — ಮಾತು ಮುಗಿಯಿತು. ರಾಗ ಮುಗಿದಿಲ್ಲ. ಇನ್ನೂ ಎರಡು ಹೆಜ್ಜೆ ಇದೆ ರಾಗಕ್ಕೆ, ಗಿಡ್ಡ ಅಳತೆಯ ಹಾಡಿಗೆ ಉದ್ದ ಅಳತೆಯ ರಾಗ ಎತ್ತಿದ್ದೇನೆ, ದೇವರೇ, ಅವರು ನಿಲ್ಲಿಸುವುದಿಲ್ಲ, ಸಾಲು ಕೊಡುವವಳು ಕೊಡುವ ತನಕ ನಿಲ್ಲಿಸುವವರಲ್ಲ, ದನಿ ಎಳೆದುಕೊಂಡು ನಿಂತಿದ್ದಾರೆ, ಬಾಯಿ ತೆರೆದುಕೊಂಡು, ಎಲ್ಲರ ಬಾಯಿ, ನಾನು ನಮ್ಮ ಬೆಂಚಿನ ಕಡೆ ನೋಡಿ ಅಜ್ಜೀ ಅಂದೆ.

ಅಜ್ಜೀ, ಅಂತ ಇಡೀ ಸಭೆ ಹಾಡಿತು. ತಪ್ಪು ಅಂತ ಹೆಚ್ಚಿನವರಿಗೆ ಅನ್ನಿಸಲಿಲ್ಲ, ಸಾಲು ಕೊಟ್ಟವಳ ಬಾಯಿಂದ ಏನು ಬರುತ್ತದೋ ಅದನ್ನು ಹಾಡುವುದು, ಅಷ್ಟೇ ಅವರಿಗೆ ಗೊತ್ತಿರುವುದು, ಅ ಅಂತ ಏರಿಸಿ ಜ್ಜೀ ಅಂತ ಇಳಿಸಿ, ಗಂಡಸರು ಕೆಳಗಿನ ದನಿ ಸೇರಿಸಿ, ಎರಡು ಹೆಜ್ಜೆಗೂ ಸರಿಯಾಗಿ ತುಂಬಿತು, ಎಡಗಡೆ ಯಾರೋ ಆಮೆನ್ ಅಂದರು, ಟೀಚರ್ ಇಸಿಲ್ಮಾ ದ್ರಾಕ್ಷಿಯೆಲ್ಲ ಅಲ್ಲಾಡುವ ಹಾಗೆ ಮುಂದೆ ಬಾಗಿ ಹಲ್ಲುಕಚ್ಚಿ, ಏ ಹುಡುಗಿ ಅದು ಗಿಡ್ಡ ಅಳತೆ, ನಿಲ್ಲಿಸ್ಬೇಡ, ಮುಂದೆ ಕೊಡು ಅಂದರು. ರಾಗ ಬದಲಿಸುವ ಹಾಗಿಲ್ಲ. ಎರಡನೆಯ ಸಾಲು ಕೊಟ್ಟೆ, ಅದರ ಬಾಲದಲ್ಲೂ ಎರಡು ಹೆಜ್ಜೆ ಖಾಲಿ, ಮತ್ತೆ ಬಾಯಿಗಳು, ಕಣ್ಣೆದುರು ನಮ್ಮ ಗೆಡ್ಡೆಯ ರಾಶಿ, ಕೂವೇ ಅಂದೆ, ಕೂವೇ ಅಂತ ಹಾಡಿದರು, ಈ ಸಲ ಕೈತಟ್ಟಿ, ಡ್ರಮ್ಮಿನವನು ಬೆರಳಿನಿಂದ ಸೇರಿಕೊಂಡ, ಸುಗ್ಗಿಯ ದಿನ ಸರಿಯಾಗೇ ಇದೆಯಲ್ಲ. ಮೂರನೆಯದು ಉದ್ದದ ಸಾಲು, ತಾನೇ ಸರಿಯಾಗಿ ಕೂತಿತು, ಪಾಸ್ಟರ್ ರಿಮೋಟನ್ನು ಬಾಳೆಗೊನೆಯ ಮೇಲೆ ಇಟ್ಟುಬಿಟ್ಟು ಎರಡೂ ಕೈ ಎತ್ತಿದ್ದಾರೆ, ನೀಲಿ ಬೆಳಕನ್ನು ಯಾರೂ ನೋಡುತ್ತಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ನಾನು ಸಾಯಲಿಲ್ಲ, ನಾಲ್ಕನೆಯ ಸಾಲು ಕೊಟ್ಟೆ, ಹಾಡಿದರು, ಮಾತು ಮುಗಿಯಿತು, ರಾಗ ಉಳಿಯಿತು, ಈಗ ಅವರಿಗೂ ಗೊತ್ತು, ಏನು ಕೊಡುತ್ತಾಳೋ ಅಂತ ನಗುತ್ತಲೇ ದನಿ ಎಳೆದು ಹಿಡಿದಿದ್ದಾರೆ, ಕೈಗವಸಿನವರ ಬಾಯಿ, ತಲೆವಸ್ತ್ರದವರ ಬಾಯಿ, ಪಾಸ್ಟರ್ ಬಾಯಿ, ಟೀಚರ್ ಇಸಿಲ್ಮಾ ಅವರ ಬಾಯಿ, ಇಷ್ಟು ಬಾಯಿ ತೆರೆದಿವೆ, ಒಂದೂ ನನ್ನನ್ನು ಅಣಕಿಸುತ್ತಿಲ್ಲ, ನಮ್ಮ ಬೆಂಚಿನಲ್ಲಿ ಅಜ್ಜಿ, ದನಿ ಇಲ್ಲ, ಗಾಳಿಯೂ ಇಲ್ಲ, ಮುಂದಿನ ಎರಡು ಹಲ್ಲಿಲ್ಲದ ಬಾಯಿ, ಅದೂ ತೆರೆದಿದೆ, ತುತ್ತು ಬರುತ್ತದೆ ಅಂತ ಕಾಯುವ ಮಗುವಿನ ಹಾಗೆ, ಅಜ್ಜಿಯ ಬಾಯಿ, ತೆರೆದು, ನನ್ನ ಕಡೆ