ಉದ್ದ ಗಂಟೆ

ನಾನು ಒಂದು ಕೈಗಂಟೆ. ಕಂಚಿನ ಮೈ, ಮರದ ಹಿಡಿ. ನಾಗಮಂಗಲದ ಒಂದು ಕುಲುಮೆಯಲ್ಲಿ ಹುಟ್ಟಿದೆ. ಕರಗಿಸಿದರು, ಅಚ್ಚಿಗೆ ಹೊಯ್ದರು, ಉಜ್ಜಿದರು. ಒಬ್ಬ ನನ್ನನ್ನು ಎತ್ತಿ ಬಾರಿಸಿ, "ಗಂಟಲು ಚೆನ್ನಾಗೈತೆ" ಎಂದ. ಅಂದಿನಿಂದ ಏಟು ತಿನ್ನುವುದೇ ನನ್ನ ಕಸುಬು. ನನಗೆ ಸಿಟ್ಟು ಜಾಸ್ತಿ. ಏಟು ಬಿದ್ದಾಗಲೆಲ್ಲ ಕೂಗಲೇಬೇಕಾದವನಿಗೆ ಸಮಾಧಾನ ಎಲ್ಲಿಂದ ಬರಬೇಕು?

ಇಪ್ಪತ್ತಾರು ವರ್ಷ ತಿಪಟೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿದ್ದೆ. ಆಮೇಲೆ ಊರಿಗೆ ಹಳದಿ ವ್ಯಾನ್ ಬರತೊಡಗಿತು, ಮಕ್ಕಳು ಅದನ್ನು ಹತ್ತಿ ಪೇಟೆಯ ಕಾನ್ವೆಂಟಿಗೆ ಹೋದರು. ಕೊನೆಗೆ ನಾಲ್ಕೇ ಮಕ್ಕಳು ಉಳಿದರು. ಶಾಲೆಗೆ ಬೀಗ ಬಿತ್ತು, ನಾನು ಗುಜರಿಗೆ ಬಿದ್ದೆ. ಮುರಿದ ಕುರ್ಚಿ, ತುಕ್ಕು ಹಿಡಿದ ತಗಡಿನ ಮಧ್ಯೆ ಎರಡು ಮಳೆಗಾಲ ಕಳೆದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವಳು ಪ್ರಫುಲ್ಲ. ಅವಳ ಗಂಡ ಶಿವರುದ್ರ ಮನೆಯ ಮುಂದಿನ ಕೋಣೆಯಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುತ್ತಾನೆ. ಹತ್ತು ವರ್ಷದ ಓಂಕಾರ, ಏಳು ವರ್ಷದ ಚಿನ್ಮಯಿ ಇವರ ಮಕ್ಕಳು. ಚಿನ್ಮಯಿಯ ಶಾಲೆಯ ಮಿಸ್ಸು, ಮಾತಾಡಿದ್ದಕ್ಕೆ ಅವಳ ಬಾಯಿಗೆ ಟೇಪು ಅಂಟಿಸಿ ಬೆಂಚಿನ ಮೇಲೆ ನಿಲ್ಲಿಸಿದ್ದಳಂತೆ. ಆವತ್ತಿನಿಂದ ಮಗು ಮನೆಯವರ ಹೊರತು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಪ್ರಫುಲ್ಲ ಇಬ್ಬರನ್ನೂ ಶಾಲೆ ಬಿಡಿಸಿದಳು. "ನಾನೇ ಕಲಿಸ್ತೀನಿ" ಎಂದಳು. ನೆಂಟರೆಲ್ಲ ನಕ್ಕರು.

ನಕ್ಕವರಿಗೆ ತೋರಿಸಬೇಕೆಂಬ ಹಟ ಅವಳಿಗೆ. ಮನೆಯಲ್ಲೇ ಶಾಲೆ ಕಟ್ಟಿದಳು, ನನ್ನ ಮೇಲೆ ನಿಯಮ ಕಟ್ಟಿದಳು. ಒಂದೇ ಏಟು ಬಾರಿಸಿದರೆ ಆ ಕ್ಷಣ ಬಂದು ಚಕ್ಕಂಬಕ್ಕಲ ಹಾಕಿ ಕೂರಬೇಕು. ಬಿಡದೆ ಉದ್ದಕ್ಕೆ ಬಾರಿಸಿದರೆ ಪಾಠ ಮುಗಿಯಿತು. ನನ್ನ ಸದ್ದು ನಿಲ್ಲುವುದರೊಳಗೆ ಓಡಿ ಬೇಲಿ ದಾಟಬೇಕು. ಆ ಓಟದಲ್ಲಿ ಚಿನ್ಮಯಿ ಅಣ್ಣನನ್ನೂ ಸೋಲಿಸುತ್ತಿದ್ದಳು. ಅವಳ ಬಾಯಲ್ಲಿ ನಗು ಬರುತ್ತಿದ್ದದ್ದು ಆಗ ಮಾತ್ರ.

ಒಂದು ಜನವರಿಯಲ್ಲಿ ಎರಡು ದಿನಕ್ಕೆ ಮೈಸೂರಿಗೆ ಹೊರಟರು. ಮಗು ನಾಲ್ಕು ಜನರನ್ನು ನೋಡಲಿ, ಬಾಯಿ ಬಿಡಲಿ ಎಂಬ ಆಸೆ. "ಟೂರಿಗೂ ಗಂಟೆ ಯಾಕೆ?" ಎಂದು ಶಿವರುದ್ರ ರೇಗಿದ. "ಹತ್ತಕ್ಕೆ ಪಾಠ ಅಂದ್ರೆ ಹತ್ತಕ್ಕೆ ಪಾಠ" ಎಂದು ಪ್ರಫುಲ್ಲ ನನ್ನನ್ನು ಚೀಲಕ್ಕೆ ತುರುಕಿದಳು. ಲಾಡ್ಜಿನಲ್ಲಿ ಅವಳು ಒಂದೇಟು ಬಾರಿಸಿದ್ದೇ ತಡ, ಪಕ್ಕದ ಕೋಣೆಯ ಹಿರಿಯರೊಬ್ಬರು ಟವೆಲ್ಲು ಹೊದ್ದುಕೊಂಡು ಬಾಗಿಲಿಗೆ ಬಂದರು.

"ಮಂಗಳಾರತಿ ಆಗೋಯ್ತೇನಮ್ಮ?"

"ಇಲ್ಲ ಸ್ವಾಮಿ, ಮಗ್ಗಿ ನಡೀತಿದೆ" ಎಂದ ಶಿವರುದ್ರ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ಮನೆಯವರೆಲ್ಲ ಒಟ್ಟಿಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಧ್ಯಾಹ್ನ ನಾನಿದ್ದ ಚೀಲವನ್ನೂ ಹೊತ್ತು ದೇವರಾಜ ಮಾರುಕಟ್ಟೆಗೆ ಹೋದರು. ಕುಂಕುಮದ ರಾಶಿಗಳ ಮುಂದೆ ನಿಂತು ಪ್ರಫುಲ್ಲ ಓಂಕಾರನಿಗೆ ಬಣ್ಣಗಳ ಪಾಠ ಹೇಳುತ್ತಿದ್ದಳು. ಚಿನ್ಮಯಿಯ ಕೈ ಅಪ್ಪನ ಕೈಯಲ್ಲಿತ್ತು. ಯಾರದೋ ಮೋಟಾರು ಸುಟ್ಟಿತೆಂದು ಫೋನು ಬಂತು. ಮಾತಾಡಲು ಅವನು ಕೈ ಬಿಟ್ಟ. ಫೋನು ಇಟ್ಟು ನೋಡುತ್ತಾನೆ, ಮಗು ಇಲ್ಲ.

"ಚಿನ್ನೂ!" ಎಂದು ಕೂಗಿದರು. ಸಂತೆಯ ಗದ್ದಲದಲ್ಲಿ ಯಾರ ಕೂಗು ಯಾರಿಗೆ ಕೇಳುತ್ತದೆ? ಹೆಸರು ಕೇಳಿದರೂ ಹೇಳದ ಮಗುವಿಗೆ, ಯಾರ ಕೈಗೆ ಸಿಕ್ಕರೂ ವಾಪಸ್ಸು ಬರುವ ದಾರಿ ಇಲ್ಲ. ಶಿವರುದ್ರನಿಗೆ ಅದು ಹೊಳೆದೊಡನೆ ಮುಖ ಬೂದಿಯಾಯಿತು. ಚೀಲದಿಂದ ನನ್ನನ್ನು ಕಿತ್ತುಕೊಂಡು ಬಾರಿಸಿದ. ಬಿಡದೆ ಬಾರಿಸಿದ. ಆ ಮಗು ನನ್ನ ದನಿಯನ್ನು ಬಲ್ಲದು, ಬಂದೇ ಬರುತ್ತದೆ ಎಂದು ನಂಬಿ ಹುಚ್ಚನಂತೆ ಬಾರಿಸಿದ. ನನ್ನ ಗಂಟಲು ಹರಿಯುತ್ತಿತ್ತು. ಮೂರ್ಖಾ, ನಿಲ್ಲಿಸು ಎಂದು ಹೇಳಲು ನನಗೆ ಬೇರೆ ಮಾತು ಇರಲಿಲ್ಲ. ಇದ್ದದ್ದು ಆ ಕೂಗೊಂದೇ.

ಓಂಕಾರ ಅಪ್ಪನ ಅಂಗಿ ಹಿಡಿದು ಜಗ್ಗಿದ. "ಅಪ್ಪಾ, ಬೇಡ! ಇದು ಬಿಡೋ ಗಂಟೆ! ಅವ್ಳು ಓಡೋಗ್ತಾಳೆ!"

ಪ್ರಫುಲ್ಲ ನನ್ನನ್ನು ಕಸಿದುಕೊಂಡಳು. "ಅಯ್ಯೋ ಪಾಪಿ, ಎಷ್ಟೊತ್ತು ಹೊಡೆದ್ರೀ? ಎಷ್ಟು ದೂರ ಓಡಿಸಿದ್ರಿ ನನ್ ಮಗೂನ?"

ಆಮೇಲೆ ಓಂಕಾರನನ್ನು ಕರೆದುಕೊಂಡು ಒಂದೊಂದೇ ಸಾಲು ಹಿಡಿದು ನಡೆದಳು. ಬಾಳೆಹಣ್ಣಿನ ಸಾಲು, ತರಕಾರಿ ಸಾಲು, ಬೆಲ್ಲದ ಸಾಲು. ಪ್ರತಿ ಸಾಲಿನ ತಲೆಯಲ್ಲಿ ನಿಂತು ಒಂದೇ ಏಟು. ಕಿವಿಗೊಟ್ಟು ನಿಲ್ಲುವಳು. ಮತ್ತೆ ನಡೆಯುವಳು. ಪೊಲೀಸರಿಗೆ ಹೇಳಲು ಶಿವರುದ್ರ ಓಡಿದ. ಒಂದು ತಾಸು ಹೋಯಿತು, ಎರಡಾಯಿತು. ಅವಳು ಅಳುವುದನ್ನೂ ಮರೆತಿದ್ದಳು.

ಹೂವಿನ ಸಾಲಿನಲ್ಲಿ ಒಂದೇಟು ಬಿದ್ದಾಗ ಸೇವಂತಿಗೆ ಕುಕ್ಕೆಗಳ ಹಿಂದಿನಿಂದ ಒಬ್ಬ ಮುದುಕಿ ಕೈ ಬೀಸಿದಳು.

"ನಿಮ್ದೇನವ್ವ ಈ ಕೂಸು? ಎಲ್ಲೋ ಗಂಟೆ ಹೊಡೀತಿದ್ದಂಗೆ ಬಾಣ ಬಿಟ್ಟಂಗೆ ಓಡ್ಬಂತು. ಕಲ್ಲೆಡವಿ ಬಿತ್ತು. ಹೆಸ್ರು ಕೇಳುದ್ರೆ ಬಾಯೇ ಬುಡಲ್ಲ. ಈಗ ನೋಡು, ನಿನ್ ಗಂಟೆ ಕೇಳಿ ದಡಕ್ಕಂತ ಕುಂತ್ಕೊಂಡ್ತು."

ಒದ್ದೆ ನೆಲದ ಮೇಲೆ ಚಿನ್ಮಯಿ ಚಕ್ಕಂಬಕ್ಕಲ ಹಾಕಿ ಕೂತಿದ್ದಳು. ಮೊಣಕಾಲಿನ ಮೇಲೆ ರಕ್ತ ಹೆಪ್ಪುಗಟ್ಟಿತ್ತು. ಕೈಗಳು ತೊಡೆಯ ಮೇಲೆ, ಬೆನ್ನು ನೆಟ್ಟಗೆ. ಅಮ್ಮನನ್ನು ಕಂಡರೂ ಏಳಲಿಲ್ಲ.

"ಅಮ್ಮ, ಓಡ್ದೆ ಓಡ್ದೆ, ಬೇಲೀನೇ ಸಿಗ್ಲಿಲ್ಲ" ಎಂದಳು. "ಬೈಬೇಡ."

ಪ್ರಫುಲ್ಲ ಅವಳನ್ನು ಎದೆಗೆ ಒತ್ತಿಕೊಂಡು ಹೂವಿನ ಕಸದ ಮೇಲೆ ಕುಸಿದಳು. ಆಗ ಬಂತು ಅಳು. ಮುದುಕಿಗೂ ಕೇಳುವಂತೆ, ಇಡೀ ಸಾಲಿಗೂ ಕೇಳುವಂತೆ ಹೇಳಿದಳು: "ಆ ಮಿಸ್ಸು ಟೇಪು ಹಾಕಿದ್ಲು. ನಾನು ಗಂಟೆ ಕಟ್ಟಿದೆ. ಏನು ವ್ಯತ್ಯಾಸ ಆಯ್ತು?"

ಊರಿಗೆ ಬಂದ ದಿನವೇ ಇಕ್ಕಳ ತಂದು ನನ್ನ ನಾಲಿಗೆ ಕಿತ್ತಳು. ಈಗ ಮೋಟಾರು ಅಂಗಡಿಯ ಮೂಲೆಯಲ್ಲಿ, ಸುಟ್ಟ ತಂತಿಯ ಸಿಂಬಿಗಳ ಮಧ್ಯೆ ಬೋರಲು ಬಿದ್ದಿದ್ದೇನೆ. ಒಳಗೆ ಪಾಠ ನಡೆಯುತ್ತಲೇ ಇದೆ. ಮೊದಲ ಕೆಲವು ವಾರ ಕೇಳಿ ಸಹಿಸಲಾಗುತ್ತಿರಲಿಲ್ಲ. ಓಂಕಾರ ಎದ್ದು ಹೋದರೂ ಚಿನ್ಮಯಿ ಚಾಪೆಯ ಮೇಲೇ ಕೂತಿರುತ್ತಿದ್ದಳು. "ಎದ್ದೇಳು ಪುಟ್ಟಿ, ಮುಗೀತು" ಎಂದು ಅಮ್ಮ ಬೇಡಿಕೊಂಡರೂ ಏಳುತ್ತಿರಲಿಲ್ಲ. ಕತ್ತಲಾಗುವವರೆಗೂ ಕಾಯುತ್ತಿದ್ದಳು, ನನಗಾಗಿ.

ನಿನ್ನೆ ಭಾಗಾಕಾರದ ಲೆಕ್ಕ ನಡೆಯುತ್ತಿತ್ತು. ನಡುವೆ ಅವಳ ದನಿ ಕೇಳಿತು.

"ಅಮ್ಮ, ನಂಗೆ ಸಾಕು."

ಸ್ಲೇಟು ನೆಲಕ್ಕಿಟ್ಟ ಸದ್ದು. ಬರಿಗಾಲ ಸದ್ದು. ಓಡಲಿಲ್ಲ, ನಡೆದೇ ಹೋದಳು. ಪ್ರಫುಲ್ಲ ಕರೆಯಲಿಲ್ಲ. ಲೆಕ್ಕ ಅರ್ಧಕ್ಕೇ ನಿಂತಿತ್ತು.

ಇಷ್ಟು ವರ್ಷ ಮಕ್ಕಳನ್ನು ಕೂರಿಸಿದೆ, ಓಡಿಸಿದೆ. ಅವರಲ್ಲಿ ಎಷ್ಟು ಜನಕ್ಕೆ ಸಾಕಾಗಿತ್ತೋ. ಒಬ್ಬರದೂ ನನಗೆ ಕೇಳಿಸಿರಲಿಲ್ಲ.