ಇಪ್ಪತ್ತೈದರ ಚೀಟಿ

ಪ್ರತಿ ಕ್ರಿಸ್‌ಮಸ್‌ಗೂ ನಮ್ಮ ವಾರ್ಡಿನಲ್ಲಿ ಜಗಳ. ಮೂವರು ನರ್ಸ್‌ಗಳು, ಮೂರು ದೇಶದವರು. ಇಪ್ಪತ್ತೈದಕ್ಕೆ ರಜೆ ಒಬ್ಬರಿಗೇ. ಮೇಟ್ರನ್ ಚೀಟಿ ಎತ್ತಿಸುತ್ತಿದ್ದರು. ಸೋತವರದು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆ ಕೊತ್ತಿ, ವಾರ್ಡ್ ಗುಮಾಸ್ತನಾದ ನಾನು. ಸಾಕಾಗಿ, ಈ ಸಲ ಡ್ಯೂಟಿ ಪಟ್ಟಿ ನಾನೇ ಬರೀತೀನಿ ಅಂದೆ.

"ನಿಮ್ಮ ಕಡೆ ಹಬ್ಬದೂಟ ಯಾವತ್ತು?" ಅಂತ ಒಬ್ಬೊಬ್ಬರನ್ನೇ ಕೇಳಿದೆ.

"ಇಪ್ಪತ್ನಾಲ್ಕರ ಸಂಜೆ," ಅಂದರು ಹಿರಿಯ ನರ್ಸ್. ಕನ್ನಡಕದವರದು ಇಪ್ಪತ್ತೈದರ ಮಧ್ಯಾಹ್ನ. ಮೂರನೆಯವರದು ಜನವರಿ ಏಳು; ಅವರ ಚರ್ಚಿನ ಹಳೇ ಪಂಚಾಂಗದಲ್ಲಿ ಕ್ರಿಸ್‌ಮಸ್ ಅವತ್ತೇ ಅಂತೆ.

"ಮತ್ತೆ ಇಪ್ಪತ್ತೈದಕ್ಕೇ ಯಾಕೆ ಕಿತ್ತಾಡ್ತಿದ್ರಿ?"

"ಚೀಟಿ ಇದ್ದದ್ದು ಅದೊಂದು ದಿನಕ್ಕೆ ತಾನೆ," ಅಂದರು ಮೂರನೆಯವರು. "ಸಿಗೋ ರಜೆ ಯಾರು ಬಿಡ್ತಾರೆ?"

ಮೂವರಿಗೂ ಅವರವರ ದಿನಕ್ಕೆ ರಜೆ ಬರೆದು ಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಮೇಟ್ರನ್ ಎರಡು ಸಲ ಓದಿದರು.

"ಹನ್ನೊಂದು ವರ್ಷ ನನ್ನ ಕೈಲಾಗದ್ದು, ನೀನು ಹೇಗಯ್ಯಾ ಮಾಡಿದೆ?"

"ಕೇಳಿದೆ ಮೇಡಂ," ಅಂದೆ.