ಒಂಬತ್ತು ಬೆರಳುಗಳ ಬೇಟೆ

"ಪಪ್ಪಾ ಈ ವರ್ಷ ಬೇಟೆಗೆ ಹೋಗುವುದಿಲ್ಲ. ಖಲಾಸ್," ಎಂದು ನಮ್ಮ ಮಗ ಡಿಕ್ಸನ್ ಊಟದ ನಡುವೆ ಹೇಳಿದ.

ನನ್ನ ಗಂಡ ಮಾರ್ಸೆಲ್ ತಲೆ ಎತ್ತಲಿಲ್ಲ. ಬಂಗುಡೆಯ ಮುಳ್ಳುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಜೋಡಿಸುತ್ತಿದ್ದರು.

"ಹೋಗ್ತಾರೆ," ಎಂದೆ ನಾನು. "ಈ ಸಲ ನಾನೂ ಹೋಗ್ತೇನೆ."

"ಮಮ್ಮಿ, ನಿಮಗೆ ಮಂಡೆ ಸಮ ಉಂಟಾ? ಅದು ಗಂಡಸರು ಹೋಗುವ ಜಾಗ. ಹೋದ ವರ್ಷ ಕಾಲಿನ ಒಂದು ಬೆರಳು ಹೋಯ್ತು. ಇನ್ನೊಂದು ಹೋಗಬೇಕಾ?"

"ಒಂಬತ್ತೂ ವಾಪಸ್ ತರ್ತೇನೆ, ಪುತಾ. ಎಣಿಸಿಕೋ. ಒಂದು ಕೆಂಪು ಕಲೆ ಕಂಡರೂ ಮುಂದಿನ ವರ್ಷದಿಂದ ನಾನೇ ಬೇಡ ಅಂತೇನೆ."

ಮಾರ್ಸೆಲ್ ಮೊದಲ ಬಾರಿ ನನ್ನ ಕಡೆ ನೋಡಿದರು. ಆ ನೋಟಕ್ಕಾಗಿ ನಾನು ಮರುಭೂಮಿಯನ್ನು ನಡೆದೇ ದಾಟಲೂ ಸಿದ್ಧಳಿದ್ದೆ.

ಮಾರ್ಸೆಲ್ ಮೂವತ್ತು ವರ್ಷ ಗಲ್ಫ್‌ನ ಅಲ್ ಐನ್‌ನಲ್ಲಿ ಗಿಡುಗಗಳ ಆಸ್ಪತ್ರೆಯೊಂದರಲ್ಲಿ ಸಹಾಯಕರಾಗಿದ್ದರು. ನಾನು ಅದೇ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬೇಟೆಯ ಗಿಡುಗಕ್ಕೆ ಮೊದಲು ಕೆಡುವುದು ಪಾದ. ಕೂರುವ ಗೂಟ ಗಟ್ಟಿಯಾಗಿದ್ದರೆ ಸಾಕು, ಅಂಗಾಲಿನಲ್ಲಿ ಹುಣ್ಣಾಗುತ್ತದೆ, ಹುಣ್ಣು ಮೂಳೆಗೆ ಇಳಿಯುತ್ತದೆ. ಬು ಸಯೀದ್ ಎಂಬ ಹಿರಿಯರ ಗಿಡುಗ ಹಾಗೆ ಸಾಯಬೇಕಿತ್ತು. ಮಾರ್ಸೆಲ್ ನಾಲ್ಕು ತಿಂಗಳು ದಿನಕ್ಕೆರಡು ಸಲ ಅದರ ಪಾದ ನೋಡಿ, ತೊಳೆದು, ಕಟ್ಟಿ ಉಳಿಸಿದರು. ಅಂದಿನಿಂದ ಪ್ರತಿ ಚಳಿಗಾಲ ಆ ಹಕ್ಕಿ ಹಾರುವ ಮೊದಲ ದಿನ ಬು ಸಯೀದರು ಮಾರ್ಸೆಲ್‌ಗೆ ಹೇಳಿಕಳಿಸುತ್ತಾರೆ. ನಾವು ಮಗನ ವೀಸಾದ ಮೇಲೆ ಜುಮೇರಾ ಲೇಕ್ ಟವರ್ಸ್‌ನ ಇಪ್ಪತ್ತೆಂಟನೇ ಮಹಡಿಗೆ ಬಂದ ಮೇಲೂ ಆ ಕರೆ ತಪ್ಪಿಲ್ಲ. ವರ್ಷದ ಉಳಿದ ದಿನಗಳಲ್ಲಿ ಮಾರ್ಸೆಲ್ ಕಿಟಕಿಯ ಹತ್ತಿರ ಕೂತು ಪಾರಿವಾಳ ನೋಡುತ್ತಾರೆ.

ಹಕ್ಕಿಯ ಪಾದ ಅಷ್ಟು ನೋಡಿದವರು ತಮ್ಮದನ್ನು ನೋಡಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಬಿಸಿ, ತಂಪು ಗೊತ್ತಾಗುವುದಿಲ್ಲ. ಕಳೆದ ವರ್ಷ ಚಳಿಗೆ ಹೆದರಿ ಮೂರು ಜೊತೆ ಕಾಲುಚೀಲ ಹಾಕಿ, ಅದರ ಮೇಲೆ ಶೂ ಬಿಗಿದು ಹೋಗಿದ್ದರು. ಬಿಗಿದಷ್ಟೂ ರಕ್ತ ಓಡಲಿಲ್ಲ, ಕಾಲು ಮರಗಟ್ಟಿತು. ಆಮೇಲೆ ಎಲ್ಲರಂತೆ ಶೂ ಬಿಚ್ಚಿಟ್ಟು, ಜಮಖಾನದ ಮೇಲೆ ಕೂತು, ಬೆಂಕಿಗೆ ಕಾಲು ಚಾಚಿದರು. ಬೆರಳು ಸುಟ್ಟದ್ದು ಗೊತ್ತಾದದ್ದು ಮನೆಗೆ ಬಂದು ನಾನು ಕಾಲುಚೀಲ ಎಳೆದಾಗ. ಹದಿನೈದು ದಿನಕ್ಕೆ ಕಿರುಬೆರಳನ್ನು ತೆಗೆಯಬೇಕಾಯಿತು.

ಹಾಗಾಗಿ ಈ ಸಲ ನಾನೇ ಕೂತು ಲೆಕ್ಕ ಹಾಕಿದೆ. ಸತ್ವಾ ಪೇಟೆಯ ಹೊಲಿಗೆ ಅಂಗಡಿಗಳ ಸಾಲಿನಿಂದ ಉಣ್ಣೆ ತಂದು ಎರಡು ಜೊತೆ ಕಾಲುಚೀಲ ಹೆಣೆದೆ. ಬಾಯಿಗೆ ಇಲಾಸ್ಟಿಕ್ ಇಲ್ಲ. ಒಳಗೆ ತೆಳುವಾದದ್ದೊಂದು, ಮೇಲೆ ಉಣ್ಣೆಯದು, ಒಂದು ಅಳತೆ ದೊಡ್ಡ ಶೂ. ಬೆವರಿದರೆ ಬದಲಿಸಲು ಇನ್ನೊಂದು ಜೊತೆ. ಚಳಿ ಗಾಳಿಗಿಂತ ಮರಳಿನಿಂದ ಹೆಚ್ಚು ಏರುತ್ತದೆ. ಅದಕ್ಕೆ ಕಾಲಡಿಗೆ ಏನಾದರೂ ಬೇಕಿತ್ತು. ಮೊಮ್ಮಗಳು ಅಲಿಶಾ ತನ್ನ ಯೋಗದ ಚಾಪೆಯನ್ನು ಕತ್ತರಿಯಿಂದ ಕತ್ತರಿಸಿ ತಂದಳು.

"ಹೊಸದಲ್ವಾ ಮಗಾ?"

"ಗ್ರ್ಯಾನಿ, ಐ ನೆವರ್ ಡೂ ಯೋಗ," ಎಂದಳು. ಪ್ರತಿ ಸಂಜೆ ಅವಳು ಅದರ ಮೇಲೆ ಬಾಗುವುದನ್ನು ನಾನು ನೋಡಿದ್ದೇನೆ.

ಬೆಳಗಿನ ಜಾವ ಬು ಸಯೀದರ ಗಿಡುಗ ನೋಡಿಕೊಳ್ಳುವ ಮಸೂದ್ ಜೀಪು ತಂದ. ನನ್ನನ್ನು ಕಂಡು ಒಂದು ಕ್ಷಣ ನಿಂತ, ಆಮೇಲೆ ಹಿಂದಿನ ಸೀಟಿನಲ್ಲಿದ್ದ ಹಗ್ಗ, ಡಬ್ಬಗಳನ್ನೆಲ್ಲ ತೆಗೆದು ನನಗೆ ಜಾಗ ಮಾಡಿದ. ಅವನ ಕಾಲಲ್ಲಿ ಪ್ಲಾಸ್ಟಿಕ್ ಚಪ್ಪಲಿ ಮಾತ್ರ ಇತ್ತು.

ಬೇಲಿ ಹಾಕಿದ, ಅನುಮತಿ ಪಡೆದ ಬೇಟೆ ಬಯಲು ಅದು. ಸಾಕಿ ಬಿಟ್ಟ ಹುಬಾರಾ ಹಕ್ಕಿಗಳನ್ನಷ್ಟೇ ಹಿಡಿಯಬಹುದು. ನಾವು ತಲುಪಿದಾಗ ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಮರಳು ಇಬ್ಬನಿಯಿಂದ ಕಪ್ಪಾಗಿತ್ತು. ಏಳೆಂಟು ಗಂಡಸರು ಜಮಖಾನದ ಮೇಲೆ ಬೆಂಕಿಯ ಸುತ್ತ ಕೂತಿದ್ದರು. ಜಮಖಾನದ ಅಂಚಿನಲ್ಲಿ ಚಪ್ಪಲಿಗಳ ಸಾಲು.

ಬು ಸಯೀದರು ಎದ್ದು ಬಂದು ಮಾರ್ಸೆಲರ ಮೂಗಿಗೆ ಮೂಗು ತಾಗಿಸಿದರು. ಎದೆಯ ಮೇಲೆ ಕೈಯಿಟ್ಟು ನನಗೂ ಸಲಾಂ ಹೇಳಿದರು. ಬೆಂಕಿಗೆ ಹತ್ತಿರದ ಜಾಗ ಗೌರವದ ಜಾಗ. ಅಲ್ಲಿದ್ದವರನ್ನು ಸರಿಸಿ, "ಯಲ್ಲಾ ಮಾರ್ಸೆಲ್, ಇಲ್ಲಿ. ಶೂ ಬಿಚ್ಚು, ಕಾಲು ಕಾಯಿಸು," ಎಂದು ಹಿಂದಿಯಲ್ಲಿ ಕರೆದರು.

ಮಾರ್ಸೆಲ್ ಬಗ್ಗಿ ಶೂವಿನ ದಾರಕ್ಕೆ ಕೈಹಾಕಿದರು.

"ಬೇಡ," ಎಂದೆ.

"ಬೆಟ್ಟಿ, ಎಂಥ ಮಾರಾಯ್ತಿ, ಮರ್ಯಾದೆ ಹೋಗ್ತದೆ," ಎಂದು ಅವರು ನಮ್ಮ ಭಾಷೆಯಲ್ಲಿ ಪಿಸುಗುಟ್ಟಿದರು.

"ಮರ್ಯಾದೆ ಹೋದರೆ ಮತ್ತೆ ಬರ್ತದೆ. ಬೆರಳು ಬರ್ತದಾ?"

ನಾನು ಜಮಖಾನದಿಂದ ದೂರ, ಬೆಂಕಿಗೆ ಬೆನ್ನಾಗಿ ಕುರ್ಚಿ ಹಾಕಿಸಿ, ಕೆಳಗೆ ಚಾಪೆ ಹರಡಿ, ಅವರನ್ನು ಕೂರಿಸಿದೆ. ಕಾಫಿ ಹಾಕುತ್ತಿದ್ದವನ ಕೈ ಗಾಳಿಯಲ್ಲೇ ಉಳಿಯಿತು. ಮಾರ್ಸೆಲರ ಕಿವಿಗಳು ಕೆಂಪಾದವು. ಆದರೂ ಬು ಸಯೀದರು ಸಿಟ್ಟಾಗಲಿಲ್ಲ. ಬೆಂಕಿಯಿಂದ ನಿಗಿನಿಗಿ ಕೆಂಡ ತುಂಬಿದ ತಟ್ಟೆಯೊಂದನ್ನು ತಾವೇ ಇಕ್ಕಳದಲ್ಲಿ ಹಿಡಿದು ತಂದು, ಗೆಳೆಯನ ಕಾಲಿನ ಹತ್ತಿರ ಇಟ್ಟರು. ಎಂಬತ್ತರ ಹತ್ತಿರದ ಮನುಷ್ಯ. ಆ ಪ್ರೀತಿಯನ್ನು ನಾನು ಮಾರ್ಸೆಲರ ಕಾಲಿನ ಬಳಿಯಿಂದ ದೂರ ಸರಿಸಬೇಕಾಯಿತು.

"ಲಾ," ಎಂದು ಅವರ ಅರಬ್ಬಿಯಲ್ಲೇ ಬೇಡವೆಂದೆ. "ಬೆಂಕಿ ಬೇಡ. ಕೆಂಡವೂ ಬೇಡ."

"ಯಾಕೆ, ತಾಯಿ? ನನ್ನ ಬೆಂಕಿಯಲ್ಲಿ ಏನು ತಪ್ಪು?"

"ಬೆಟ್ಟಿ, ಹೇಳಬೇಡ," ಎಂದರು ಮಾರ್ಸೆಲ್.

ಆಗಷ್ಟೇ ನನಗೆ ತಿಳಿಯಿತು. ಇಡೀ ವರ್ಷ ಗೆಳೆಯನ ಜೊತೆ ಫೋನಿನಲ್ಲಿ ಮಾತಾಡಿದರೂ ಬೆರಳಿನ ವಿಷಯ ಮಾರ್ಸೆಲ್ ಬಾಯಿಬಿಟ್ಟಿರಲಿಲ್ಲ. ತನ್ನ ಬೆಂಕಿಯಲ್ಲಿ ಅತಿಥಿ ಸುಟ್ಟುಕೊಂಡ ಎಂದು ತಿಳಿದರೆ ಆ ಮುದುಕ ಹೇಗೆ ತಡೆದುಕೊಂಡಾನು ಎಂದು. ಗೆಳೆಯನ ಮಾನ ಕಾಯಲು ಇನ್ನೊಂದು ಬೆರಳನ್ನೂ ಕೊಡಲು ಸಿದ್ಧರಾಗಿದ್ದರು!

ನಾನು ಮಂಡಿಯೂರಿ ಅವರ ಎಡಗಾಲಿನ ಶೂ, ಎರಡೂ ಕಾಲುಚೀಲ ತೆಗೆದೆ. ಪಾದವನ್ನು ಅಂಗೈಯಲ್ಲಿ ಎತ್ತಿ ಹಿಡಿದೆ.

ಬು ಸಯೀದರು ಎಣಿಸಿದರು. ಬೆಂಕಿಯನ್ನು ನೋಡಿದರು. ಮತ್ತೆ ಪಾದ ನೋಡಿದರು. "ಹೋದ ವರ್ಷ?"

ಮಾರ್ಸೆಲ್ ತಲೆಯಾಡಿಸಿದರು.

ನಾನು ಕೈ ಮಗುಚಿ ಹಿಂಬದಿಯಿಂದ ಅಂಗಾಲಿನ ಬಿಸಿ ನೋಡಿದೆ, ಬೆರಳುಗಳ ಸಂದು ನೋಡಿದೆ, ಒಣಗಿದೆಯೇ ಎಂದು ಪರೀಕ್ಷಿಸಿದೆ. ಬು ಸಯೀದರ ಮುಖ ಬದಲಾಯಿತು. "ನೋಡಿ," ಎಂದು ಉಳಿದವರಿಗೆ ಹೇಳಿದರು, "ಮಾರ್ಸೆಲ್ ನನ್ನ ಗಿಡುಗದ ಪಾದ ನೋಡುತ್ತಿದ್ದದ್ದು ಹೀಗೇ."

"ಅವರಿಂದಲೇ ಕಲಿತದ್ದು," ಎಂದೆ. "ಗಂಟೆಗೊಮ್ಮೆ ನೋಡ್ತೇನೆ. ನಿಮಗೆ ಬೇಸರವಾದರೂ ನೋಡ್ತೇನೆ."

ಬು ಸಯೀದರು ಮಸೂದನ ಕಡೆ ತಿರುಗಿ ಎರಡು ಮಾತು ಹೇಳಿದರು. ಮಸೂದ್ ಸಲಿಕೆ ತಂದು ಬೆಂಕಿಯ ಮೇಲೆ ಮರಳು ಸುರಿದ. ಹೊಗೆ ಎದ್ದಿತು, ಇಳಿಯಿತು.

"ಅಯ್ಯೋ, ನೀವೆಲ್ಲ ಕಾಯಿಸಿಕೊಳ್ಳಿ!" ಎಂದೆ.

"ಮಾಫಿ ಬೆಂಕಿ, ಬೆಂಕಿ ಇಲ್ಲ," ಎಂದರು ಬು ಸಯೀದ್. "ಅವನಿಗಿಲ್ಲದ್ದು ನಮಗೆ ಯಾಕೆ?" ತಮ್ಮ ಜಮಖಾನವನ್ನೇ ಎಳೆಸಿ ಕುರ್ಚಿಯ ಪಕ್ಕಕ್ಕೆ ಹಾಕಿಸಿದರು. ಎಲ್ಲರೂ ಎದ್ದು ಬಂದು ನಮ್ಮ ಸುತ್ತ ಕೂತರು, ಕಂಬಳಿ ಹೊದ್ದು, ಕಾಫಿ ಕುಡಿಯುತ್ತ, ನಡುಗುತ್ತ. ಒಬ್ಬರೂ ಗೊಣಗಲಿಲ್ಲ.

ಮಸೂದನ ಪಾದ ಮಾತ್ರ ನೀಲಿಗಟ್ಟಿತ್ತು. ಅವನು ಒಂದು ಕಾಲನ್ನು ಇನ್ನೊಂದರ ಮೇಲೆ ಇಟ್ಟು ನಿಂತಿದ್ದ, ಕೈಯಲ್ಲಿ ಕಣ್ಣು ಮುಚ್ಚುವ ಟೋಪಿ ಹಾಕಿದ ಗಿಡುಗ. ಮಾರ್ಸೆಲರ ಇನ್ನೊಂದು ಜೊತೆ ಕೊಡುವಂತಿರಲಿಲ್ಲ. ಜೀಪಿನ ಮರೆಗೆ ಹೋಗಿ ನನ್ನ ಉಣ್ಣೆ ಕಾಲುಚೀಲ ಬಿಚ್ಚಿ ಅವನಿಗೆ ಕೊಟ್ಟೆ, ಬರಿಗಾಲಿಗೇ ಶೂ ಹಾಕಿಕೊಂಡೆ.

"ನಿಮಗೆ, ಮಾಜೀ?"

"ನನಗೆ ಇನ್ನೊಂದು ಉಂಟು," ಎಂದೆ. ಇರಲಿಲ್ಲ.

ಬಿಸಿಲು ಬಂದ ಮೇಲೆ ಗಿಡುಗ ಹಾರಿತು. ದೂರದಲ್ಲಿ ಹುಬಾರಾ ಪೊದೆಯಿಂದ ಎದ್ದದ್ದನ್ನು ನಾನು ಕಾಣಲಿಲ್ಲ, ಮಾರ್ಸೆಲ್ ಕಂಡರು. "ಅದೋ, ಅದೋ!" ಎಂದು ಕುರ್ಚಿಯಿಂದ ಎದ್ದರು. ಬು ಸಯೀದ್ ಅವರ ತೋಳು ಹಿಡಿದರು. ಇಬ್ಬರು ಮುದುಕರು ಹಕ್ಕಿಯ ಹಿಂದೆ ಮರಳಿನಲ್ಲಿ ನಡೆದರು, ಒಬ್ಬರನ್ನೊಬ್ಬರು ಎಳೆಯುತ್ತ. ಹುಬಾರಾ ತಪ್ಪಿಸಿಕೊಂಡಿತು. ಇಬ್ಬರೂ ಗೆದ್ದವರಂತೆ ನಗುತ್ತ ಬಂದರು. ನಾನು ಶೂ ಬಿಚ್ಚಿಸಿ ನೋಡಿದೆ: ಬೆವರು. ಒಣಗಿದ ಜೊತೆ ಹಾಕಿದೆ.

ಸಂಜೆ ಡಿಕ್ಸನ್ ಬಾಗಿಲಲ್ಲೇ ಕಾಯುತ್ತಿದ್ದ. ತಂದೆಯನ್ನು ಸೋಫಾದಲ್ಲಿ ಕೂರಿಸಿ, ಮೊಬೈಲ್ ಟಾರ್ಚ್ ಹಾಕಿ, ಬೆರಳು ಬೆರಳಾಗಿ ನೋಡಿದ. ಹಿಮ್ಮಡಿ ನೋಡಿದ. ಮತ್ತೊಮ್ಮೆ ಮೊದಲಿನಿಂದ ನೋಡಿದ.

"ಎಷ್ಟು?" ಎಂದೆ.

"ಒಂಬತ್ತು," ಎಂದ. ಟಾರ್ಚ್ ಆರಿಸಿದ. ಸ್ವಲ್ಪ ಹೊತ್ತು ತಂದೆಯ ಪಾದವನ್ನು ಕೈಯಲ್ಲೇ ಹಿಡಿದು ಕೂತಿದ್ದ.

"ಹಕ್ಕಿ ಹೇಗೆ ಹಾರಿತು, ಪಪ್ಪಾ?"

ಮಾರ್ಸೆಲ್ ಹೇಳತೊಡಗಿದರು. ನಾನು ಮೆಲ್ಲಗೆ ಅಡುಗೆಮನೆಗೆ ನಡೆದೆ. ಹಿಂದೆಯೇ ಅಲಿಶಾ ಬಂದಳು. ನನ್ನ ಕಾಲಿನ ಹೆಬ್ಬೆರಳು ಶೂ ಉಜ್ಜಿ ಬೊಬ್ಬೆಯೆದ್ದು ಕೆಂಪಾಗಿತ್ತು.

"ಗ್ರ್ಯಾನಿ, ಯುವರ್ ಟೋ..."

"ಶ್ಶ್! ಪಂದ್ಯ ಅವರ ಬೆರಳಿನದ್ದು. ನನ್ನದನ್ನು ಯಾರು ಎಣಿಸಿದ್ದಾರೆ?"

ಅವಳು ಬಾಗಿಲು ಮುಂದೆ ಮಾಡಿ ಮುಲಾಮಿನ ಡಬ್ಬ ತೆಗೆದಳು. ನಾನು ಅವಳ ಮಡಿಲಲ್ಲಿ ಕಾಲಿಟ್ಟು, ಮುಂದಿನ ಚಳಿಗಾಲಕ್ಕೆ ಎಷ್ಟು ಉಣ್ಣೆ ಬೇಕೆಂದು ಯೋಚಿಸಿದೆ. ಮಾರ್ಸೆಲ್‌ಗೆ ಎರಡು ಜೊತೆ, ಮಸೂದನಿಗೆ ಎರಡು, ನನಗೂ ಎರಡು. ಬು ಸಯೀದರ ಅಳತೆ ಮಾತ್ರ ಕೇಳಬೇಕು.